ಸೆರಗಿಗೆ ರೇಷ್ಮೆ, ಒಡಲಿಗೆ ನೂಲು



ಗೇಮಿಂಗ್ ಕಂಪ್ಯೂಟರ್ ಬಗ್ಗೆ ಬರೆಯಿರಿ ಎಂದು ಕೆಲವು ವಾರಗಳಿಂದ ಕೇಳುತ್ತಿದ್ದೀರಿ. ಮಕ್ಕಳ ಪ್ರಶ್ನೆ, ‘ಎಲ್ಲಕ್ಕಿಂತ ಒಳ್ಳೆಯದು ಯಾವುದು?’ ಹಿರಿಯರ ಪ್ರಶ್ನೆ, ‘ಎಷ್ಟಾಗುತ್ತದೆ?’ ಈ ಎರಡು ಪ್ರಶ್ನೆಗಳ ನಡುವೆ ಎಷ್ಟೋ ಮನೆಗಳಲ್ಲಿ ಜಗಳವಾಗುತ್ತದೆ. ಎರಡಕ್ಕೂ ಒಂದೇ ಹಾಳೆಯ ಮೇಲೆ ಉತ್ತರ ಬರೆಯಲು ಸಾಧ್ಯವೇ ಎಂಬುದು ಈ ವಾರದ ವಿಷಯ. ಬರೆಯುವವನು ಕಂಪ್ಯೂಟರ್ ಪಂಡಿತನಲ್ಲ, ಜಮಾ ಖರ್ಚು ಬರೆದು ನಿವೃತ್ತನಾದ ಬ್ಯಾಂಕ್ ಗುಮಾಸ್ತ. ಆದರೆ ಬಿಡಿಭಾಗಗಳನ್ನು ಆರಿಸುವ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚಿರುವುದು ಜಮಾ ಖರ್ಚೇ.

ಉದಾಹರಣೆಗೆ ನಮ್ಮ ಮನೆಯದೇ ಒಂದು ಲೆಕ್ಕ. ಇಳಕಲ್ಲಿನಲ್ಲಿರುವ ನನ್ನ ತಂಗಿಯ ಮೊಮ್ಮಗ ಬಿಸಿಎ ಎರಡನೆಯ ವರ್ಷದಲ್ಲಿದ್ದಾನೆ. ಆಟದ ಹುಚ್ಚು ಇದೆ, ಜೊತೆಗೆ ಆನಿಮೇಷನ್ ಕಲಿಯುತ್ತಿದ್ದಾನೆ. ಅವನು ಹುಟ್ಟಿದ ವರ್ಷ ತಂಗಿ ಅವನ ಹೆಸರಿನಲ್ಲಿ ಒಂದು ಠೇವಣಿ ಇಟ್ಟಿದ್ದಳು. ಅವಧಿ ಮುಗಿದಾಗಲೆಲ್ಲ ನವೀಕರಿಸುತ್ತ ಬಂದ ಅದು ಈಗ 1,25,000 ರೂಪಾಯಿ ಆಗಿದೆ. ಹುಡುಗ ತಂದ ಪಟ್ಟಿಯ ಮೊತ್ತ 2,40,000.

‘ಅಜ್ಜಾ, ಇದು ಟಾಪ್ ಮಷಿನ್ ಐತಿ. ಕಡಿಮಿ ಬಿದ್ದದ್ದನ್ನ ಅಪ್ಪನ ಹೆಸರಿನ್ಯಾಗ ಕಂತು ಮಾಡಿದ್ರಾತು’ ಅಂದ.

ಕಂತಿನ ಲೆಕ್ಕ ಮೊದಲು ಮಾಡೋಣ. ಕಡಿಮೆ ಬಿದ್ದದ್ದು 1,15,000. ವರ್ಷಕ್ಕೆ ಶೇ 15 ಬಡ್ಡಿ, ಎರಡು ವರ್ಷದ ಅವಧಿ ಎಂದು ಹಿಡಿದರೆ ತಿಂಗಳ ಕಂತು 5,576 ರೂಪಾಯಿ. 24 ಕಂತುಗಳಿಗೆ 1,33,824. ಅಂದರೆ ಬಡ್ಡಿಯೇ ಸುಮಾರು 18,800. ಆ ಮನೆಯ ವರಮಾನ ಎರಡು ಮಗ್ಗದ್ದು. ಸೀರೆ ಮಾರಾಟವಾಗದ ತಿಂಗಳಲ್ಲೂ ಕಂತಿನ ದಿನ ತಪ್ಪುವುದಿಲ್ಲ. ಎರಡು ವರ್ಷ ಕಳೆದು ಸಾಲ ತೀರುವಾಗ ಆ ‘ಟಾಪ್ ಮಷಿನ್’ ಟಾಪ್ ಆಗಿ ಉಳಿದಿರುವುದೂ ಇಲ್ಲ.

ಪಟ್ಟಿಯನ್ನು ನೋಡಿದೆ. ಅತಿ ದುಬಾರಿಯ 16 ಕೋರ್ ಪ್ರೊಸೆಸರ್, 64 ಜಿಬಿ ಮೆಮೊರಿ, ಬಣ್ಣಬಣ್ಣದ ದೀಪದ ವಾಟರ್ ಕೂಲರ್. ಮಾನಿಟರ್ ಮಾತ್ರ ಅಪ್ಪನ ಅಂಗಡಿಯ ಹಳೆಯ 60 ಹರ್ಟ್ಸ್‌ನದು. ಪವರ್ ಸಪ್ಲೈ ಎಂಬ ಸಾಲಿನ ಮುಂದೆ ‘ಯಾವುದಾದರೂ’ ಎಂದು ಬರೆದಿದ್ದ!

ತಂಗಿಗೆ ಕಂಪ್ಯೂಟರ್ ತಿಳಿಯದು, ಸೀರೆ ತಿಳಿಯುತ್ತದೆ. ಅವಳಂದಳು: ‘ಸೀರಿ ತುಂಬ ರೇಷ್ಮಿ ಹಾಕಿದ್ರ ಎಲ್ಲಾರೂ ತಗೊಳ್ಳಾಕ ಆಕ್ಕೈತೇನು? ಸೆರಗಿಗೆ ರೇಷ್ಮಿ, ಒಡಲಿಗೆ ನೂಲು. ಕಣ್ಣು ಎಲ್ಲಿ ಬೀಳತೈತಿ, ಅಲ್ಲಿ ರೊಕ್ಕಾ ಹಾಕಬೇಕು.’

ನೂರು ಪುಟದ ಪುಸ್ತಕ ಹೇಳುವುದನ್ನು ಅವಳು ಎರಡು ಮಾತಿನಲ್ಲಿ ಹೇಳಿದ್ದಳು. ಹುಡುಗನೂ ನಾನೂ ಪಟ್ಟಿಯನ್ನು ಮತ್ತೆ ಮೊದಲಿಂದ ಬರೆಯಲು ಕುಳಿತೆವು.

ಪರದೆಯಿಂದ ಶುರು ಮಾಡಿ

ಕಣ್ಣು ಬೀಳುವುದು ಪರದೆಯ ಮೇಲೆ. ಆದ್ದರಿಂದ ಮೊದಲು ಮಾನಿಟರ್ ನಿರ್ಧಾರವಾಗಲಿ. ಪರದೆ ಎಂದರೆ ಚುಕ್ಕಿಗಳ ಹಾಸು. ಗುಣಾಕಾರ ಮಾಡಿ ನೋಡಿ:

1920 × 1080 = 20,73,600 ಚುಕ್ಕಿಗಳು
2560 × 1440 = 36,86,400 ಚುಕ್ಕಿಗಳು
3840 × 2160 (ಇದನ್ನೇ 4ಕೆ ಎನ್ನುವುದು) = 82,94,400 ಚುಕ್ಕಿಗಳು

ಮೂರನೆಯದು ಮೊದಲನೆಯದರ ಸರಿಯಾಗಿ ನಾಲ್ಕು ಪಟ್ಟು. ಆಟ ನಡೆಯುವಾಗ ಗ್ರಾಫಿಕ್ಸ್ ಕಾರ್ಡ್ ಇಷ್ಟೂ ಚುಕ್ಕಿಗಳ ಬಣ್ಣವನ್ನು ಸೆಕೆಂಡಿಗೆ ಹತ್ತಾರು ಸಲ ಲೆಕ್ಕ ಹಾಕಬೇಕು. 4ಕೆ ಪರದೆ ಕೊಂಡರೆ ಕೆಲಸ ನಾಲ್ಕು ಪಟ್ಟಾಗುತ್ತದೆ, ಕಾರ್ಡಿನ ಬೆಲೆಯೂ ಮೇಲೇರುತ್ತದೆ. 60 ಹರ್ಟ್ಸ್ ಪರದೆ ಸೆಕೆಂಡಿಗೆ 60ಕ್ಕಿಂತ ಹೆಚ್ಚು ಚಿತ್ರ ತೋರಿಸಲಾರದು. ಕಾರ್ಡು 140 ಚಿತ್ರ ತಯಾರಿಸಿದರೂ ನೋಡಲು ಸಿಗುವುದು 60. ಹಳೆಯ ಮಾನಿಟರಿಗೆ ಎರಡು ಲಕ್ಷದ ಪೆಟ್ಟಿಗೆ ಜೋಡಿಸುವುದು ಇದೇ ಕಾರಣಕ್ಕೆ ದಂಡ. ನಾವು ನಡುವಿನದನ್ನು, ಅಂದರೆ 2560 × 1440 ಚುಕ್ಕಿಗಳ, 144 ಹರ್ಟ್ಸ್‌ಗೆ ಕಡಿಮೆಯಿಲ್ಲದ ಪರದೆಯನ್ನು ಆರಿಸಿದೆವು. ಮಾನಿಟರಿಗೆ 18,000 ಮತ್ತು ಯುಪಿಎಸ್‌ಗೆ 7,000 ತೆಗೆದಿಟ್ಟೆವು. ಪೆಟ್ಟಿಗೆಗೆ ಉಳಿದದ್ದು ಒಂದು ಲಕ್ಷ.

ರೇಷ್ಮೆ ಎಲ್ಲಿ, ನೂಲು ಎಲ್ಲಿ

ಆಟದ ಕಂಪ್ಯೂಟರಿನಲ್ಲಿ ಸೆರಗು ಎಂದರೆ ಗ್ರಾಫಿಕ್ಸ್ ಕಾರ್ಡು. ಒಟ್ಟು ಹಣದಲ್ಲಿ ದೊಡ್ಡ ಪಾಲು ಅದರದ್ದೇ ಇರಲಿ. ಕೊಳ್ಳುವಾಗ ಹೆಸರನ್ನಷ್ಟೇ ಓದಬೇಡಿ, ಕಾರ್ಡಿನ ಸ್ವಂತ ಮೆಮೊರಿ ಎಷ್ಟೆಂದು ನೋಡಿ. 2025ರಲ್ಲಿ ಬಂದ ಆರ್‌ಎಕ್ಸ್ 9060 ಎಕ್ಸ್‌ಟಿ ಮತ್ತು ಆರ್‌ಟಿಎಕ್ಸ್ 5060 ಟಿಐ, ಈ ಎರಡೂ ಒಂದೇ ಹೆಸರಿನಲ್ಲಿ 8 ಜಿಬಿ, 16 ಜಿಬಿ ಎಂದು ಎರಡು ಬಗೆಯಲ್ಲಿ ಸಿಗುತ್ತವೆ. ಹೊಸ ದೊಡ್ಡ ಆಟಗಳಲ್ಲಿ 8 ಜಿಬಿ ಸಾಲದೆ ಬಂದರೆ ಚಿತ್ರ ತಡವರಿಸುತ್ತದೆ. ಕಾರ್ಡಿನ ಮೆಮೊರಿಯನ್ನು ಆಮೇಲೆ ಹೆಚ್ಚಿಸಲು ಬರುವುದಿಲ್ಲ. ನಾಲ್ಕೈದು ವರ್ಷ ಬಾಳಬೇಕಾದರೆ 16 ಜಿಬಿಯದೇ ಲೇಸು. ಆನಿಮೇಷನ್ ಕೆಲಸಕ್ಕೂ ಅದು ಅನುಕೂಲ.

ಪ್ರೊಸೆಸರ್ ನೂಲಿನ ಒಡಲು. ಗಟ್ಟಿಯಾಗಿರಬೇಕು, ರೇಷ್ಮೆಯೇ ಆಗಬೇಕಿಲ್ಲ. ಇಂತಹ ಕಾರ್ಡಿನ ಜೊತೆಗೆ ರೈಜನ್ 5 7600ನಂತಹ ಆರು ಕೋರ್‌ನ ಪ್ರೊಸೆಸರ್ ಸಾಕು. 16 ಕೋರ್‌ನದು ಹಾಕಿದರೆ ಅವುಗಳಲ್ಲಿ ಹೆಚ್ಚಿನವು ಆಟದ ಹೊತ್ತಿನಲ್ಲಿ ಸುಮ್ಮನೆ ಕುಳಿತಿರುತ್ತವೆ. ಕೌಂಟರಿನಲ್ಲಿ ಒಬ್ಬನೇ ಗಿರಾಕಿ ಇರುವಾಗ ಹದಿನಾರು ಜನ ಕ್ಯಾಷಿಯರರನ್ನು ಕೂರಿಸಿದಂತೆ! 7600ರ ಡಬ್ಬಿಯಲ್ಲೇ ತಂಪು ಮಾಡುವ ಫ್ಯಾನ್ ಬರುತ್ತದೆ. ವಾಟರ್ ಕೂಲರಿನ ಖರ್ಚು ಅಲ್ಲಿಗೆ ಉಳಿಯಿತು.

ನಾವು ಮಾಡಿದ ಹಂಚಿಕೆ ಹೀಗಿದೆ:

ಗ್ರಾಫಿಕ್ಸ್ ಕಾರ್ಡ್ – 38,000
ಪ್ರೊಸೆಸರ್ – 17,000
ಮೆಮೊರಿ, 16 ಜಿಬಿ – 14,000
ಮದರ್‌ಬೋರ್ಡ್ – 11,000
ಎಸ್‌ಎಸ್‌ಡಿ, 1 ಟಿಬಿ – 8,000
ಪವರ್ ಸಪ್ಲೈ – 7,000
ಕ್ಯಾಬಿನೆಟ್ – 5,000
ಒಟ್ಟು – 1,00,000

ಇದು ದರಪಟ್ಟಿಯಲ್ಲ, ಪಾಲು ಹಂಚಿಕೆ. ದರ ವಾರವಾರಕ್ಕೂ ಬದಲಾಗುತ್ತದೆ. ದೊಡ್ಡ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪುಗಳನ್ನು ರಾಶಿರಾಶಿಯಾಗಿ ಕೊಳ್ಳತೊಡಗಿದ್ದರಿಂದ 2025ರ ಕೊನೆಗೆ ಮೆಮೊರಿ ಬೆಲೆ ಏರಿತು. ಅದಕ್ಕೇ 64 ಜಿಬಿಯ ಆಸೆಯನ್ನು 16ಕ್ಕೆ ಇಳಿಸಿದೆವು. ಬೋರ್ಡಿನಲ್ಲಿ ಖಾಲಿ ಜಾಗ ಉಳಿದರೆ ಬೆಲೆ ಇಳಿದಾಗ ಇನ್ನೊಂದು ಕಡ್ಡಿ ಸೇರಿಸಬಹುದು. ಒಂದು ಕಡೆ ದರ ಏರಿದರೆ ಕ್ಯಾಬಿನೆಟ್ಟಿನ ಅಂದದಲ್ಲಿ ಕಡಿತ ಮಾಡಿ, ಪವರ್ ಸಪ್ಲೈ ಪಾಲಿಗೆ ಮಾತ್ರ ಕೈ ಹಾಕಬೇಡಿ.

ಕೊಂಡಿ ಕೂಡಬೇಕು

ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಎಳೆಗಳನ್ನು ಸೆರಗಿನ ಹಾಸು ಎಳೆಗಳಿಗೆ ಕೊಂಡಿ ಹಾಕಿ ಸೇರಿಸುತ್ತಾರೆ. ಎಳೆಗೆ ಎಳೆ ಕೂಡದಿದ್ದರೆ ಎಷ್ಟು ಒಳ್ಳೆಯ ರೇಷ್ಮೆ ತಂದರೂ ಸೀರೆಯಾಗುವುದಿಲ್ಲ. ಬಿಡಿಭಾಗಗಳದೂ ಇದೇ ಕಥೆ. ಪ್ರೊಸೆಸರ್ ಕೂರುವ ಜಾಗಕ್ಕೆ ಸಾಕೆಟ್ ಎನ್ನುತ್ತಾರೆ. ರೈಜನ್ 7600ಕ್ಕೆ ಎಎಂ5 ಸಾಕೆಟ್ ಇರುವ ಬೋರ್ಡೇ ಬೇಕು, ಆ ಬೋರ್ಡಿಗೆ ಡಿಡಿಆರ್5 ಮೆಮೊರಿಯೇ ಬೇಕು. ಅಗ್ಗವೆಂದು ಡಿಡಿಆರ್4 ತಂದರೆ ಕೂರುವುದೇ ಇಲ್ಲ. ಕಾರ್ಡಿನ ಉದ್ದ ಕ್ಯಾಬಿನೆಟ್ಟಿನಲ್ಲಿ ಹಿಡಿಯುತ್ತದೆಯೇ, ಪವರ್ ಸಪ್ಲೈಯಲ್ಲಿ ಕಾರ್ಡಿಗೆ ಬೇಕಾದ ತಂತಿ ಇದೆಯೇ ಎಂದು ಹಣ ಕೊಡುವ ಮೊದಲೇ ನೋಡಿಕೊಳ್ಳಿ.

ತಂಗಿ ಇಲ್ಲಿ ಒಂದು ಪ್ರಶ್ನೆ ಕೇಳಿದಳು: ‘ಮುಂದಿನ ವರ್ಷ ಹಳೇದಾತು ಅಂತ ಮತ್ತ ರೊಕ್ಕಾ ಕೇಳೂದಿಲ್ಲ ಹೌದಲ್ಲ?’ ಇದಕ್ಕೂ ಉತ್ತರ ಸಾಕೆಟ್ಟಿನಲ್ಲೇ ಇದೆ. ಎಎಂಡಿ ಕಂಪನಿ 2016ರಲ್ಲಿ ತಂದ ಎಎಂ4 ಸಾಕೆಟ್ಟಿಗೆ 2024ರಲ್ಲೂ ಹೊಸ ಪ್ರೊಸೆಸರ್ ಬಿಟ್ಟಿತು. 2022ರ ಎಎಂ5ಕ್ಕೆ ಕನಿಷ್ಠ 2027ರವರೆಗೆ ಬೆಂಬಲ ಎಂದು ಹೇಳಿದೆ. ಇಂಟೆಲ್‌ನ 12, 13, 14ನೆಯ ಪೀಳಿಗೆಗಳು ಒಂದು ಸಾಕೆಟ್ಟಿನಲ್ಲಿ ಕೂತವು, 2024ರಲ್ಲಿ ಸಾಕೆಟ್ ಬದಲಾಯಿತು. ಮುಂದೆ ಪ್ರೊಸೆಸರ್ ಒಂದನ್ನೇ ಬದಲಿಸಿ ಉಳಿದದ್ದನ್ನು ಇಟ್ಟುಕೊಳ್ಳುವ ದಾರಿ ಇರಬೇಕು. ಈ ಉತ್ತರ ಕೇಳಿದ ಮೇಲೆಯೇ ಅವಳು ಠೇವಣಿ ಮುರಿಯಲು ಒಪ್ಪಿದ್ದು. ಸಾಲದ ಮಾತು ಅಲ್ಲಿಗೆ ಮುಗಿಯಿತು.

ನಮ್ಮ ಬಿಸಿಲು, ನಮ್ಮ ಧೂಳು

ನಮ್ಮ ಕಡೆಯವರು ಇನ್ನೊಂದು ಅಂಕಣ ಸೇರಿಸಿಕೊಳ್ಳಬೇಕು. ಬಾದಾಮಿಯಲ್ಲಿ ಏಪ್ರಿಲ್ ಬಂತೆಂದರೆ ಬಂಡೆ ಕಾದ ಹೆಂಚು. ಹುನಗುಂದದಲ್ಲಿ ಎರೆ ಹೊಲದ ಧೂಳು. ಇಳಕಲ್ಲಿನಲ್ಲಿ ಗ್ರಾನೈಟ್ ಕತ್ತರಿಸುವ ಧೂಳು. ನಮ್ಮ ಬ್ಯಾಂಕಿಗೆ ಮೊದಲ ಕಂಪ್ಯೂಟರ್ ಬಂದಾಗ ಅದಕ್ಕೊಂದು ಎ.ಸಿ. ಕೋಣೆ, ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗಬೇಕಿತ್ತು. ನಾವು ನಗುತ್ತಿದ್ದೆವು, ಆದರೆ ಧೂಳಿನ ಭಯ ಸುಳ್ಳಲ್ಲ. ಫ್ಯಾನು, ಹೀಟ್ ಸಿಂಕುಗಳಲ್ಲಿ ಧೂಳು ಕಟ್ಟಿದರೆ ಶಾಖ ಹೊರಗೆ ಹೋಗುವುದಿಲ್ಲ. ಆಗ ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ಕೊಟ್ಟ ದುಡ್ಡಿನ ವೇಗ ಬೇಸಿಗೆಯಲ್ಲಿ ಸಿಗದೇ ಹೋಗುತ್ತದೆ. ಮುಂಭಾಗ ಪೂರ್ತಿ ಗಾಜಿನಿಂದ ಮುಚ್ಚಿದ ಕ್ಯಾಬಿನೆಟ್ ಬೇಡ. ಜಾಳಿಗೆಯ ಮುಖ, ತೆಗೆದು ತೊಳೆಯುವ ಧೂಳು ಸೋಸುಕ ಇರಲಿ. ಅದನ್ನು ತಿಂಗಳಿಗೊಮ್ಮೆ ತೊಳೆದು, ಒಣಗಿಸಿ ಹಾಕುವ ಕೆಲಸ ಆಟ ಆಡುವವರದ್ದೇ.

ಇನ್ನು ಪವರ್ ಸಪ್ಲೈ. ಎಲ್ಲ ಭಾಗಗಳಿಗೂ ಕರೆಂಟು ಹೋಗುವುದು ಅದರ ಮೂಲಕ. ಅದು ಸುಟ್ಟರೆ ಒಂದೇ ಸುಡುವುದೆಂಬ ಖಾತ್ರಿಯಿಲ್ಲ, ಕಾರ್ಡು ಬೋರ್ಡುಗಳನ್ನೂ ಜೊತೆಗೆ ಕರೆದೊಯ್ಯಬಹುದು. ಮೇಲಿನ ಪಟ್ಟಿಗೆ 550ರಿಂದ 650 ವ್ಯಾಟ್‌ನದು ಸಾಕು. ‘80 ಪ್ಲಸ್’ ಗುರುತು ಎಂದರೆ ಗೋಡೆಯಿಂದ ಎಳೆದ ಕರೆಂಟಿನಲ್ಲಿ ಶೇ 80ಕ್ಕೆ ಕಡಿಮೆಯಿಲ್ಲದಷ್ಟನ್ನು ಕೆಲಸಕ್ಕೆ ಕೊಡುತ್ತದೆ ಎಂದು ಅರ್ಥ. ಬ್ರಾಂಜ್‌ಗಿಂತ ಗೋಲ್ಡ್ ಉತ್ತಮ. ಅದರ ಜೊತೆಗೆ ವಾರಂಟಿ ಎಷ್ಟು ವರ್ಷ ಎಂದೂ ಕೇಳಿ. ಯುಪಿಎಸ್ ಕೊಳ್ಳುವಾಗ ದೊಡ್ಡಕ್ಷರದ ವಿಎ ಅಂಕಿ ಬಿಟ್ಟು ವ್ಯಾಟ್ ಅಂಕಿ ಓದಿ. ಅದು ಸಾಮಾನ್ಯವಾಗಿ ಸಣ್ಣದಿರುತ್ತದೆ, ನಮಗೆ ಬೇಕಾದದ್ದು ಅದೇ. ಕರೆಂಟು ಹೋದ ಮೇಲೂ ಆಡುವುದಕ್ಕಲ್ಲ ಯುಪಿಎಸ್. ಕೆಲಸ ಉಳಿಸಿ, ಯಂತ್ರವನ್ನು ಸರಿಯಾಗಿ ಮುಚ್ಚಲು ನಾಲ್ಕು ನಿಮಿಷ ಸಿಕ್ಕರೆ ಸಾಕು.

ಅಂಗಡಿಯಲ್ಲಿ

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ, ಹುಬ್ಬಳ್ಳಿಯಲ್ಲಾಗಲಿ, ಆನ್‌ಲೈನ್‌ನಲ್ಲಾಗಲಿ, ಕನಿಷ್ಠ ಮೂರು ಕಡೆ ದರ ಕೇಳಿ ಬರೆದುಕೊಳ್ಳಿ. ‘ತೆರಿಗೆ ಸೇರಿ ಎಷ್ಟು?’ ಎಂದೇ ಕೇಳಬೇಕು. ತೆರಿಗೆ ಬಿಟ್ಟು 38,000 ಎಂದ ಕಾರ್ಡಿಗೆ ಶೇ 18 ಜಿಎಸ್‌ಟಿ ಸೇರಿದರೆ 44,840 ಆಗುತ್ತದೆ. ಬಿಲ್ ಬೇಡವೆಂದರೆ ಕಡಿಮೆ ಮಾಡುತ್ತೇವೆ ಎಂಬ ಮಾತಿಗೆ ಮರುಳಾಗಬೇಡಿ, ಮೂರನೆಯ ತಿಂಗಳು ಕಾರ್ಡು ಕೆಟ್ಟರೆ ವಾರಂಟಿ ಕೇಳಲು ಕೈಯಲ್ಲಿ ಕಾಗದ ಇರುವುದಿಲ್ಲ. ಬಿಲ್ಲಿನಲ್ಲಿ ಪ್ರತಿ ಭಾಗದ ಸೀರಿಯಲ್ ನಂಬರ್ ಬರೆಸಿ. ಸೆಕೆಂಡ್ ಹ್ಯಾಂಡ್ ಕಾರ್ಡ್ ಕೊಳ್ಳುವವರು ಅರ್ಧ ಗಂಟೆ ಆಟ ಓಡಿಸಿ ನೋಡಿಯೇ ದುಡ್ಡು ಕೊಡಿ. ಪವರ್ ಸಪ್ಲೈ ಮಾತ್ರ ಹೊಸದೇ ಇರಲಿ.

ಈ ವಾರದ ಲೆಕ್ಕ

ಕೊಂಡ ಮೇಲೂ ಖರ್ಚು ನಿಲ್ಲುವುದಿಲ್ಲ. ಆಟ ಆಡುವಾಗ ಮಾನಿಟರ್ ಸೇರಿ 300 ವ್ಯಾಟ್ ಕರೆಂಟು ಬೇಕು ಎಂದುಕೊಳ್ಳಿ. ದಿನಕ್ಕೆ ಮೂರು ಗಂಟೆ ಆಡಿದರೆ 900 ವ್ಯಾಟ್ ಗಂಟೆ, ಅಂದರೆ 0.9 ಯೂನಿಟ್. 30 ದಿನಕ್ಕೆ 27 ಯೂನಿಟ್. ಗೃಹಜ್ಯೋತಿ ಯೋಜನೆಯಲ್ಲಿ ಹಿಂದಿನ ಸರಾಸರಿ ಬಳಕೆಯ ಮೇಲೆ ಶೇ 10 ಸೇರಿಸಿ ಉಚಿತ ಮಿತಿ ಹಾಕಿದ್ದಾರೆ. ಸರಾಸರಿ 120 ಯೂನಿಟ್ ಇದ್ದ ಮನೆಗೆ ಮಿತಿ 132. ಆ ಮನೆಯ ಉಳಿದ ಬಳಕೆ ಈಗಲೂ 120 ಇದ್ದರೆ, ಆಟ ಸೇರಿ 147 ಆಗುತ್ತದೆ. 15 ಯೂನಿಟ್ಟಿಗೆ ದುಡ್ಡು ಕಟ್ಟಬೇಕು.

ಈಗ ಪ್ರಶ್ನೆ ನಿಮಗೆ, ಮಕ್ಕಳೇ: ಒಂದು ಯೂನಿಟ್ಟಿಗೂ ದುಡ್ಡು ಕಟ್ಟದಂತೆ ಇರಬೇಕಾದರೆ ಆ ಮನೆಯ ಹುಡುಗ ದಿನಕ್ಕೆ ಎಷ್ಟು ಗಂಟೆ, ಎಷ್ಟು ನಿಮಿಷ ಆಡಬಹುದು? ಉತ್ತರದ ಜೊತೆಗೆ ನಿಮ್ಮ ಮನೆಯ ಬಿಲ್ ನೋಡಿ ನಿಮ್ಮದೇ ಮಿತಿಯನ್ನೂ ಲೆಕ್ಕ ಹಾಕಿ, ಮನೆಯ ಹಿರಿಯರಿಗೆ ತೋರಿಸಿ ಸಹಿ ಹಾಕಿಸಿಕೊಳ್ಳಿ. ಸರಿಯುತ್ತರ ಮುಂದಿನ ವಾರ.