ಮೆಣಸಿನಕಾಯಿಗೆ ಋಷಿಮೂಲವೇಕೆ?

ಅಡ್ಡಹೆಸರು ಅಪರೂಪವಾದಷ್ಟೂ ಅದರ ಮೂಲ ಆಕಾಶದಲ್ಲಿರಬೇಕೆಂಬುದು ನಮ್ಮ ವಿದ್ಯಾವಂತರಲ್ಲಿ ಈಚೆಗೆ ಬೇರೂರುತ್ತಿರುವ ನಂಬಿಕೆ. ಊರಿಗೆಲ್ಲ ಇರುವ ಹೆಸರಾದರೆ ಅದು ಬರಿಯ ಹೆಸರು. ತಮ್ಮ ಮನೆಯವರಿಗೆ ಮಾತ್ರ ಇರುವಂತೆ ತೋರಿತೋ, ಆಗ ಅದಕ್ಕೊಬ್ಬ ಋಷಿ ಬೇಕು. ಋಷಿ ಸಿಕ್ಕದಿದ್ದರೆ ರಾಜವಂಶ. ಅದೂ ಇಲ್ಲವಾದರೆ ಉತ್ತರದ ಯಾವುದೋ ಕ್ಷೇತ್ರದಿಂದ ಹೊರಟು ನರ್ಮದೆಯನ್ನು ದಾಟಿ ಬಂದ ಒಂದು ಗುಂಪಾದರೂ ಬೇಕೇ ಬೇಕು. ಮನೆತನದ ಸಮ್ಮೇಳನಗಳಲ್ಲಿ ಹಂಚುವ ಸ್ಮರಣಸಂಚಿಕೆಗಳನ್ನು ತಿರುವಿದವರಿಗೆ ಈ ಮಾತು ಉತ್ಪ್ರೇಕ್ಷೆಯೆನಿಸದು. ಎತ್ತಿನ ಮೇಲೆ ಹೇರು ಹೇರಿಕೊಂಡು ಸಂತೆಯಿಂದ ಸಂತೆಗೆ ತಿರುಗಿದ ಅಜ್ಜನ ಸುಳಿವು ಅಲ್ಲಿರುವುದಿಲ್ಲ. ಅವನ ಜಾಗದಲ್ಲಿ ಜಟೆ ಬಿಟ್ಟ ಮಹರ್ಷಿಯೊಬ್ಬ ಕುಳಿತಿರುತ್ತಾನೆ.

ಮಹರ್ಷಿಗಳ ಮೇಲೆ ನನಗೇನೂ ಹಗೆಯಿಲ್ಲ. ಆದರೆ ಸ್ವಂತ ಅಜ್ಜನನ್ನು ಹೊರಗೆ ಹಾಕಿ ಅವನ ಹಾಸಿಗೆಯಲ್ಲಿ ಪರರನ್ನು ಮಲಗಿಸುವ ಈ ಕೆಲಸಕ್ಕೆ ವ್ಯುತ್ಪತ್ತಿಶಾಸ್ತ್ರವೆಂದು ಹೆಸರಿಡುತ್ತಾರಲ್ಲ, ಕನ್ನಡ ಕಲಿಸಿ ಹೊಟ್ಟೆ ಹೊರೆಯುವ ಮಾಸ್ತರನಿಗೆ ಅದನ್ನು ಸಹಿಸುವುದು ಕಷ್ಟ.

ಒಂದೇ ಹೆಸರನ್ನು ಹಿಡಿದು ನೋಡೋಣ: ಮೆಣಸಿನಕಾಯಿ. ಧಾರವಾಡ, ಗದಗ, ಹಾವೇರಿಗಳ ಕಡೆ ಈ ಅಡ್ಡಹೆಸರಿನ ಮನೆತನಗಳುಂಟು. ಬೆಂಗಳೂರಿನಲ್ಲಿ ಇದನ್ನು ಹೇಳಿದರೆ ಎದುರಿನವರು ಎರಡನೆಯ ಸಲ ಕೇಳುತ್ತಾರೆ. ಹುಬ್ಬಳ್ಳಿಯಲ್ಲಿ ಯಾರೂ ತಲೆಯೆತ್ತಿ ನೋಡುವುದಿಲ್ಲ. ಸಂಸ್ಕೃತದ ಹುಚ್ಚು ಹಿಡಿದ ವ್ಯುತ್ಪತ್ತಿಕಾರನ ಕೈಗೆ ಇದು ಸಿಕ್ಕಿತೆನ್ನಿ: 'ಮನಸ್ವಿನೀಕಾಯ' ಎಂಬೊಂದು ಶಬ್ದವನ್ನು ಹೊಸೆದು, ತಪಸ್ವಿನಿಯೊಬ್ಬಳ ದೇಹದಿಂದ ವಂಶವನ್ನು ಹುಟ್ಟಿಸಿ, ಒಂದು ಶ್ಲೋಕವನ್ನೂ ಕಟ್ಟಿಯಾನು. ಕೇಳುವವರು ಕೈಮುಗಿಯುತ್ತಾರೆ. ಆದರೆ ಮೆಣಸಿನಕಾಯಿ ಕೈಮುಗಿಯುವುದಿಲ್ಲ. ಏಕೆಂದರೆ ಅದಕ್ಕೆ ತನ್ನದೇ ಆದ ಜನ್ಮಪತ್ರಿಕೆಯಿದೆ.

ಆ ಗಿಡ ಅಮೆರಿಕ ಖಂಡದ್ದು. 1492ರಲ್ಲಿ ಕೊಲಂಬಸ್ ಅತ್ತ ಹೋಗುವವರೆಗೆ ಈ ಕಡೆಯ ಲೋಕಕ್ಕೆ ಅದರ ಖಾರ ಗೊತ್ತಿರಲಿಲ್ಲ. ಪೋರ್ಚುಗೀಸರು ಗೋವೆಯನ್ನು ಹಿಡಿದದ್ದು 1510ರಲ್ಲಿ. ಆ ಶತಮಾನದಲ್ಲಿ ಅವರ ಹಡಗುಗಳೊಡನೆ ಅದು ನಮ್ಮ ಕರಾವಳಿಗೆ ಬಂತು, ಘಟ್ಟ ಹತ್ತಿತು. ಪಂಪನ ಅಡುಗೆಮನೆಯಲ್ಲಿ ಮೆಣಸಿನಕಾಯಿ ಇರಲಿಲ್ಲ. ಕಲ್ಯಾಣದ ಮಹಾಮನೆಯ ದಾಸೋಹದಲ್ಲಿಯೂ ಇರಲಿಲ್ಲ. ಆಗ ಕನ್ನಡಿಗನಿಗೆ ಗೊತ್ತಿದ್ದ ಖಾರ ಮೆಣಸಿನದು, ಬಳ್ಳಿಯಲ್ಲಿ ಬಿಡುವ ಕಾಳಿನದು. ಹೊಸ ಕಾಯಿ ಬಂದಾಗ ಹೊಸ ಹೆಸರು ಹುಡುಕುವ ಗೋಜಿಗೆ ಅವನು ಹೋಗಲಿಲ್ಲ. ಮೆಣಸಿನಂತೆ ಖಾರವಾದ ಕಾಯಿ, ಮೆಣಸಿನಕಾಯಿ ಎಂದುಬಿಟ್ಟ. ಕಡೆಗೆ ಹೊಸಬನೇ ಮನೆಯ ಯಜಮಾನನಾಗಿ, ಹಳಬನು ತಾನು ಯಾರೆಂದು ಹೇಳಿಕೊಳ್ಳಲು ವಿಶೇಷಣ ತೊಡಬೇಕಾಯಿತು: ಕರಿಮೆಣಸು, ಕಾಳುಮೆಣಸು, ದಕ್ಷಿಣ ಕನ್ನಡದವರ ಬಾಯಲ್ಲಿ ಒಳ್ಳೆಮೆಣಸು. (ಅದು 'ಒಳ್ಳೆ'ಯದಾದರೆ ಇದೇನೆಂಬ ಪ್ರಶ್ನೆಯನ್ನು ಬ್ಯಾಡಗಿಯವರ ಮುಂದೆ ಎತ್ತದಿರುವುದು ಕ್ಷೇಮ.)

ಹೀಗಿರಲು ಮೆಣಸಿನಕಾಯಿ ಎಂಬ ಮನೆತನದ ಹೆಸರಿಗೆ ಹೆಚ್ಚೆಂದರೆ ಐನೂರು ವರ್ಷ. ಗಿಡ ಬಂದು, ಬೇರೂರಿ, ವ್ಯಾಪಾರವಾಗಿ, ವ್ಯಾಪಾರ ಮಾಡಿದವನಿಗೆ ಹೆಸರಾಗಿ ಅಂಟುವಷ್ಟು ಕಾಲವನ್ನು ಕಳೆದರೆ ಇನ್ನೂ ಕಡಿಮೆ. ತಂಬಾಕದ ಎಂಬ ಅಡ್ಡಹೆಸರಿನ ಲೆಕ್ಕವೂ ಹೀಗೆಯೇ. ಹೊಗೆಸೊಪ್ಪೂ ಅದೇ ದಿಕ್ಕಿನಿಂದ ಬಂದ ಪದಾರ್ಥ. ಇಷ್ಟು ಖಚಿತವಾದ ಕಾಲಸೂಚನೆ ಎಷ್ಟು ಹೆಸರುಗಳಿಗಿದೆ? ಗೋತ್ರಗಳಿಗಿದೆಯೇ? ಐನೂರು ವರ್ಷ ಎಂದರೆ ಮುಖ ಸಣ್ಣದು ಮಾಡಿಕೊಳ್ಳುವವರಿಗೆ ನಾನು ಕೇಳುವುದಿಷ್ಟೆ: ಐದು ಸಾವಿರ ವರ್ಷದ ಸುಳ್ಳಿಗಿಂತ ಇದು ಯಾವ ವಿಧದಲ್ಲಿ ಕಡಿಮೆಯಾಯಿತು?

ಇನ್ನು ವ್ಯಾಕರಣಕ್ಕೆ ಬರೋಣ. ಬೆಲ್ಲದ, ತುಪ್ಪದ, ಹುಣಸಿಮರದ, ಬೇವಿನಮರದ: ಈ ಹೆಸರುಗಳೆಲ್ಲ ಷಷ್ಠೀ ವಿಭಕ್ತಿಯಲ್ಲಿ ನಿಂತುಬಿಟ್ಟಿವೆ. ಬೆಲ್ಲದ, ಏನು? ಬೆಲ್ಲದ ಅಂಗಡಿಯವರು. ಹುಣಸಿಮರದ, ಏನು? ಹುಣಸಿಮರದ ಹತ್ತಿರದ ಮನೆಯವರು. ಮುಂದಿನ ಪದ ಎಲ್ಲರಿಗೂ ಗೊತ್ತಿದ್ದುದರಿಂದ ಬಾಯಿಂದ ಬಿದ್ದುಹೋಯಿತು, ವಿಭಕ್ತಿ ಉಳಿಯಿತು. ಬಡಿಗೇರ, ಗಾಣಿಗೇರ, ಶೆಟ್ಟರ ಎಂಬುವೂ 'ಅವರ ಮನೆ' ಎಂಬುದರ ಅರ್ಧಭಾಗಗಳೇ. ಅಕ್ಕಿ, ಜವಳಿ, ಮೆಣಸಿನಕಾಯಿ ಮೊದಲಾದುವು ವಿಭಕ್ತಿಯನ್ನೂ ಕಳಚಿಕೊಂಡು ಪದಾರ್ಥದ ಹೆಸರಾಗಿಯೇ ನಿಂತವು. ಯಾವ ಋಷಿಯ ಗೋತ್ರವೂ ಕನ್ನಡದ 'ದ'ಕಾರ ಹಚ್ಚಿಕೊಂಡು ಹೀಗೆ ಅರ್ಧ ಮಾತಿನಲ್ಲಿ ನಿಂತದ್ದನ್ನು ನಾನು ಕಂಡಿಲ್ಲ. ಓಣಿಯ ಜನ ಓಣಿಯ ಜನರನ್ನು ಗುರುತು ಹಿಡಿಯಲು ಆಡಿದ ಮಾತು ಇದು. ಇದರಲ್ಲಿ ಪುರೋಹಿತನ ಕೈಯಿಲ್ಲ.

ಸಂಸ್ಕೃತಕ್ಕೆ ಹೋಗಲೇಬೇಕೆಂಬ ಹಠವಿದ್ದವರು ನಿಜವಾಗಿಯೂ ಹೋಗಿಬರಲಿ. ಕಂಬಾರ ಎಂಬ ಹೆಸರನ್ನು ತೆಗೆದುಕೊಳ್ಳಿ. ಅದು ಕಮ್ಮಾರ, ಕಮ್ಮಾರ ಸಂಸ್ಕೃತದ ಕರ್ಮಾರ, ಋಗ್ವೇದದಲ್ಲಿಯೇ ಆ ಶಬ್ದವುಂಟು. ಅಲ್ಲಿ ಅದರ ಅರ್ಥವೇನು? ಲೋಹದ ಕೆಲಸದವನು. ವೇದದವರೆಗೆ ನಡೆದು ಹೋದರೂ ಸಿಕ್ಕಿದ್ದು ಕುಲುಮೆಯೇ! ಘೋಡಗೇರಿಯ ಚಂದ್ರಶೇಖರ ಕಂಬಾರರು ಆ ಹೆಸರನ್ನು ಹಾಗೆಯೇ ಇಟ್ಟುಕೊಂಡು ಬರೆದರು; 2010ನೆಯ ಸಾಲಿನ ಜ್ಞಾನಪೀಠ ಆ ಹೆಸರಿಗೇ ಬಂತು.

ಕಸುಬಿನ ಹೆಸರು ಕೀಳೆಂದು ಯಾರು ಹೇಳಿಕೊಟ್ಟರೋ ತಿಳಿಯದು. ಹನ್ನೆರಡನೆಯ ಶತಮಾನದ ಶರಣರ ಪಟ್ಟಿಯನ್ನು ನೋಡಿರಿ: ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯ, ತುರುಗಾಹಿ ರಾಮಣ್ಣ, ಆಯ್ದಕ್ಕಿ ಲಕ್ಕಮ್ಮ. ಇವು ವಂಶಕ್ಕೆ ಅಂಟಿದ ಅಡ್ಡಹೆಸರುಗಳಲ್ಲ, ಆಯಾ ವ್ಯಕ್ತಿಯ ಕಾಯಕವನ್ನು ಹೇಳುವ ಮಾತುಗಳು. ಎರಡನ್ನೂ ಒಂದೆನ್ನುವುದು ತಪ್ಪಾದೀತು. ಆದರೂ ಕಸುಬನ್ನು ಹೆಸರಿನ ತಲೆಯ ಮೇಲೆ ಹೊತ್ತು ನಡೆಯುವುದು ಈ ನಾಡಿನಲ್ಲಿ ಒಂದು ಕಾಲಕ್ಕೆ ನಾಚಿಕೆಯ ವಿಷಯವಾಗಿರಲಿಲ್ಲ ಎನ್ನಲು ಇಷ್ಟು ಸಾಕು.

ಈಗಿನ ಸಂಗತಿಯೇ ಬೇರೆ. ತರಗತಿಯಲ್ಲಿ ಹಾಜರಿ ಕರೆಯುವಾಗ ಉಳ್ಳಾಗಡ್ಡಿ ಎಂದೊಡನೆ ಹಿಂದಿನ ಬೆಂಚಿನಲ್ಲಿ ನಗೆ ಏಳುತ್ತದೆ. ನಗುವವರ ಪೈಕಿ ಎಷ್ಟೋ ಜನರ ಹೆಸರೂ ಕಿರಾಣಿ ಅಂಗಡಿಯದೇ. ಆ ಹುಡುಗ ಪದವಿ ಮುಗಿಸಿ ಬೆಂಗಳೂರಿಗೋ ಪುಣೆಗೋ ನೌಕರಿಗೆ ಹೋಗುತ್ತಾನೆ. ಎರಡು ವರ್ಷದಲ್ಲಿ ಪತ್ರಿಕೆಯ ಮೂಲೆಯಲ್ಲೊಂದು ಪ್ರಕಟಣೆ: ಇಂಥವನಾದ ನಾನು ಪ್ರಮಾಣಪತ್ರ ಮಾಡಿಸಿ ಇನ್ನು ಮುಂದೆ ಇಂಥ ಹೆಸರಿನಿಂದ ಕರೆಯಲ್ಪಡುತ್ತೇನೆ. ಹೊಸ ಹೆಸರು ಸಾಮಾನ್ಯವಾಗಿ ಎಲ್ಲೆಡೆ ಸಲ್ಲುವಂಥದು, ಯಾರೂ ಎರಡನೆಯ ಸಲ ಕೇಳದಂಥದು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಬಂತು. ಊರಿನ ಹೆಸರನ್ನು ಬೇರೆಯವರು ಕದಿಯದಂತೆ ಸರ್ಕಾರವೇ ಕಾವಲು ನಿಂತಿತು. ಕಾಯಿಗೆ ಸಿಕ್ಕ ಮರ್ಯಾದೆ ಅದನ್ನು ಹೆಸರಾಗಿ ಹೊತ್ತ ಮನುಷ್ಯನಿಗೆ ಸಿಗಲಿಲ್ಲ.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಿಬಿಡಬೇಕು. ಮಾದರ ಎಂದೋ ಹರಿಜನ ಎಂದೋ ಶಾಲೆಯ ದಾಖಲೆಯ ಅಡ್ಡಹೆಸರಿನ ಜಾಗದಲ್ಲಿ ಬರೆಸಿಕೊಂಡ ಮನೆಗಳ ಮಕ್ಕಳು ಅದನ್ನು ಕಿತ್ತೊಗೆದರೆ ಅವರೊಡನೆ ನನ್ನ ಜಗಳವಿಲ್ಲ. ಅದು ಅವರ ಓಣಿ ಅವರನ್ನು ಕರೆದ ಹೆಸರಲ್ಲ. ಹೆಸರೇನೆಂದು ಕೇಳಬೇಕಾದವರು ಜಾತಿಯೇನೆಂದು ಕೇಳಿ ಬರೆದದ್ದು. ಮಾದಾರ ಚೆನ್ನಯ್ಯನ ಹೆಸರು ದೊಡ್ಡದು, ನಿಜ; ಅದನ್ನು ತೋರಿಸಿ ಇಂದಿನ ಹುಡುಗನಿಗೆ 'ನೀನೂ ಹೊತ್ತುಕೋ' ಎಂದು ಉಪದೇಶಿಸುವ ಅಧಿಕಾರ ನನಗಿಲ್ಲ. ನನ್ನ ಜಗಳ ಬೆಲ್ಲದಿಂದ, ಎಣ್ಣೆಯಿಂದ, ಮೆಣಸಿನಕಾಯಿಯಿಂದ ಮಹಡಿ ಕಟ್ಟಿಸಿ, ಮಹಡಿ ಏರಿದ ಮೇಲೆ ಅಂಗಡಿಯ ಹಲಗೆ ಮುಚ್ಚುವವರೊಡನೆ.

ಮೈಸೂರು ಕಡೆಯ ಮಿತ್ರರು ಇದನ್ನೋದಿ, 'ನಮಗೆ ಅಡ್ಡಹೆಸರೇ ಇಲ್ಲ, ಈ ತಾಪತ್ರಯವೂ ಇಲ್ಲ' ಎನ್ನಬಹುದು. ಇಲ್ಲವೆಂದವರಾರು? ಹೆಸರಿನ ಹಿಂದೆ ಇಡುವುದನ್ನು ಅವರು ಮುಂದೆ ಇಟ್ಟು ಒಂದಕ್ಷರಕ್ಕೆ ಇಳಿಸಿದ್ದಾರೆ, ಅಷ್ಟೆ. ಕೆ. ವಿ. ಪುಟ್ಟಪ್ಪನವರ 'ಕೆ' ಎಂದರೆ ಕುಪ್ಪಳಿ; ಡಿ. ವಿ. ಗುಂಡಪ್ಪನವರ 'ಡಿ' ಎಂದರೆ ದೇವನಹಳ್ಳಿ, ಅ. ನ. ಕೃಷ್ಣರಾಯರ 'ಅ' ಎಂದರೆ ಅರಕಲಗೂಡು. ಮುಂಬಯಿ ಪ್ರಾಂತದಲ್ಲಿದ್ದ ಜಿಲ್ಲೆಗಳವರು ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಕ್ರಮಕ್ಕೆ ಒಗ್ಗಿದರು. ಮೈಸೂರು ಸಂಸ್ಥಾನದವರು ಊರನ್ನೂ ತಂದೆಯನ್ನೂ ಮೊದಲಕ್ಷರಗಳಲ್ಲಿ ಅಡಗಿಸಿದರು. ಊರು ಎರಡು ಕಡೆಯೂ ಇದೆ. ವಿನಾಯಕ ಕೃಷ್ಣ ಗೋಕಾಕರು 1909ರಲ್ಲಿ ಹುಟ್ಟಿದ್ದು ಸವಣೂರಿನಲ್ಲಿ. ಹೆಸರಿನಲ್ಲಿರುವುದು ಬೆಳಗಾವಿ ಜಿಲ್ಲೆಯ ಗೋಕಾಕ. ಎಂ. ಎಂ. ಕಲಬುರ್ಗಿಯವರು ಸಿಂದಗಿ ತಾಲ್ಲೂಕಿನವರು, ಹೆಸರು ಕಲಬುರ್ಗಿ. ಬಿಟ್ಟು ಬಂದ ಊರನ್ನು ಹೆಸರು ಮರೆಯಲಿಲ್ಲ. ಬಿಟ್ಟು ಬಂದಮೇಲೆಯೇ ಅಲ್ಲವೇ ಆ ಊರು ಹೆಸರಾಗುವುದು? ಗೋಕಾಕದಲ್ಲಿ ಎಲ್ಲರೂ ಗೋಕಾಕದವರೇ. ಅಲ್ಲಿ ಆ ಹೆಸರಿನಿಂದ ಯಾರ ಗುರುತೂ ಸಿಗದು. ಕನ್ನಡ ನಾಮವಿಜ್ಞಾನವೆಂದೇ ಒಂದು ಗ್ರಂಥ ಬರೆದ ಕಲಬುರ್ಗಿಯವರು ಈ ದಾರಿಯನ್ನು ತೋರಿಸಿಕೊಟ್ಟೂ ಬಹುಕಾಲವಾಯಿತು. ಸ್ಮರಣಸಂಚಿಕೆಯವರಿಗೆ ಅದರ ಗಾಳಿ ಸೋಕಿಲ್ಲ.

ಮೂಲದ ಹುಚ್ಚಿನ ಜೊತೆಗೆ ಈಗ ಎಣಿಕೆಯ ಹುಚ್ಚೂ ಸೇರಿಕೊಂಡಿದೆ. ನಿಮ್ಮ ಹೆಸರಿನವರು ದೇಶದಲ್ಲಿ ಇಷ್ಟೇ ಜನ, ಜಗತ್ತಿನಲ್ಲಿ ನಿಮ್ಮ ಸ್ಥಾನ ಇಷ್ಟನೆಯದು ಎಂದು ಗಣಕಯಂತ್ರ ಹೇಳುತ್ತದೆ. ಕೇಳಿದವರು ಅಪರೂಪದ ರತ್ನಗಳಾಗಿಬಿಡುತ್ತಾರೆ. ಈ ಎಣಿಕೆ ಎಲ್ಲಿಯದು? ನಮ್ಮ ಜನಗಣತಿ ಅಡ್ಡಹೆಸರುಗಳ ಪಟ್ಟಿಯನ್ನು ಪ್ರಕಟಿಸುವುದಿಲ್ಲ. ಅಮೆರಿಕದವರು ಪ್ರಕಟಿಸುತ್ತಾರೆ, 2010ರ ಗಣತಿಯಿಂದ ತೆಗೆದ ಅವರ ಪಟ್ಟಿಯಲ್ಲಿ 1,62,000ಕ್ಕೂ ಮಿಕ್ಕ ಹೆಸರುಗಳಿದ್ದುವು. ಆದರೆ ನೂರು ಜನರಿಗಾದರೂ ಇರುವ ಹೆಸರಿಗೆ ಮಾತ್ರ ಅಲ್ಲಿ ಜಾಗ. ನಿಜವಾಗಿ ಅಪರೂಪವಾದುದು ಆ ಪಟ್ಟಿಯ ಹೊರಗೇ ಉಳಿಯಿತು!

ನಮ್ಮಲ್ಲಿ ಎಣಿಸಹೊರಟವರು ಎಣಿಸುವುದು ಇಂಗ್ಲಿಷ್ ಕಾಗುಣಿತವನ್ನು. ಮೆಣಸಿನಕಾಯಿಯನ್ನು ಆ ಅಕ್ಷರಗಳಲ್ಲಿ ಬರೆಯುವಾಗ ಒಬ್ಬರು ಕೊನೆಗೆ 'ವೈ' ಇಡುತ್ತಾರೆ, ಒಬ್ಬರು ಬಿಡುತ್ತಾರೆ. ನಡುವಿನ 'ಎನ್' ಆದಮೇಲೆ ಒಬ್ಬರಿಗೆ 'ಎ' ಬೇಕು, ಒಬ್ಬರಿಗೆ ಬೇಡ. ಇಷ್ಟರಲ್ಲೇ ನಾಲ್ಕು ಹೆಸರಾದವು. ಒಂದೇ ಮನೆಯ ಅಣ್ಣತಮ್ಮಂದಿರು ಗಣಕದ ಪಾಲಿಗೆ ಬೇರೆ ಬೇರೆ ವಂಶ, ನಾಲ್ವರೂ 'ಅಪರೂಪ'. ಇದರ ತಿರುವುಮುರುವೂ ನಡೆಯುತ್ತದೆ. ಲಕಾರ ಳಕಾರಗಳ ಭೇದ ಆ ಲಿಪಿಗೆ ತಿಳಿಯದು. ಅದರ ಕಣ್ಣಿಗೆ ಹಳ್ಳಿಯೂ ಹಲ್ಲಿಯೂ ಒಂದೇ. ನಾಯಕ ಎಂಬುದನ್ನು ನೋಡಿ: ಕರಾವಳಿಯವರಿಗೆ ಅದುಂಟು, ಬೇಡ ಸಮುದಾಯದವರಿಗುಂಟು, ತಾಂಡದ ಲಂಬಾಣಿಗರಿಗುಂಟು, ಗೋವೆಯವರಿಗುಂಟು. ಒಂದು ಪದವಿಯ ಹೆಸರು, ಸಂಬಂಧವಿಲ್ಲದ ಎಷ್ಟೋ ಮನೆಗಳು. ಪಟ್ಟಿಯಲ್ಲಿ ಅದು ಒಂದೇ ದೊಡ್ಡ ಬಳಗ. ಇನ್ನು ಪಾಸ್‌ಪೋರ್ಟಿನ ಅರ್ಜಿಯಲ್ಲಿ ಅಡ್ಡಹೆಸರಿನ ಅಂಕಣ ಕಂಡು ತಬ್ಬಿಬ್ಬಾದ ದಕ್ಷಿಣದವರು ತಮ್ಮ ಸ್ವಂತ ಹೆಸರನ್ನೇ ಅಲ್ಲಿ ತುಂಬಿದರೆ, ಪುಟ್ಟಪ್ಪ ಎಂಬ ಹುಡುಗ ಪುಟ್ಟಪ್ಪ ಮನೆತನದ ಮೂಲಪುರುಷನಾಗುತ್ತಾನೆ. ಇಂಥ ರಾಶಿಯನ್ನು ಅಳೆದು ಇಷ್ಟನೆಯ ಸ್ಥಾನ ಎನ್ನುವುದಕ್ಕೆ ಏನರ್ಥ?

ಅಪರೂಪವೆಂಬುದು ಎಲ್ಲಿ ನಿಂತು ನೋಡುತ್ತೇವೆ ಎಂಬುದರ ಮಾತು. ದೇಶಕ್ಕೆಲ್ಲ ವಿರಳವಾದ ಹೆಸರು ಒಂದು ಪೇಟೆಯಲ್ಲಿ ಮೂರು ಬಾಗಿಲಿಗೊಂದಿರಬಹುದು. ಅಲ್ಲದೆ ಇಂದು ವಿರಳವಾಗುತ್ತಿರುವುದಕ್ಕೆ ಒಂದು ಕಾರಣ, ನಾಚಿ ಬಿಟ್ಟವರು. ಬಿಟ್ಟವರ ಲೆಕ್ಕ ಯಾವ ಪಟ್ಟಿಯಲ್ಲೂ ಬರುವುದಿಲ್ಲ; ಉಳಿಸಿಕೊಂಡವನು ಮಾತ್ರ 'ಎಂಥ ವಿಚಿತ್ರ ಹೆಸರು' ಎನಿಸಿಕೊಳ್ಳಬೇಕು.

ಮೂಲ ಬೇಕಾದವರು ಋಷ್ಯಾಶ್ರಮಕ್ಕಿಂತ ಹತ್ತಿರದಲ್ಲಿ ಹುಡುಕಬಹುದು. ಹೊಲದ ಉತಾರಗಳಿವೆ, ಹಳೆಯ ಖರೀದಿ ಪತ್ರಗಳಿವೆ, ಅಟ್ಟದ ಮೇಲೆ ಇಲಿ ಬಿಟ್ಟ ಅಂಗಡಿಯ ಕೀರ್ದಿಗಳಿವೆ. ಎಲ್ಲಕ್ಕೂ ಮಿಗಿಲಾಗಿ ಹೆಳವರಿದ್ದಾರೆ. ಎತ್ತಿನ ಮೇಲೆ ಕುಳಿತು ಬಂದು, ಮನೆಯ ಮುಂದೆ ನಿಂತು, ಮುತ್ತಜ್ಜನ ಅಜ್ಜ ಯಾವ ಊರಿನಿಂದ ಯಾವ ಊರಿಗೆ ಬಂದ, ಅವನಿಗೆ ಎಷ್ಟು ಮಕ್ಕಳು, ಯಾರು ಎಲ್ಲಿಗೆ ಹೋದರು ಎಂದು ಹೇಳಿ ಕಾಳು ಇಸಿದುಕೊಂಡು ಹೋಗುತ್ತಿದ್ದ ಜನ. ಅವರ ಹೊತ್ತಿಗೆಗಳಲ್ಲಿ ತಲೆಮಾರುಗಳ ಬರಹವಿದೆ. ಹೆಳವ ಹೇಳಿದ್ದೆಲ್ಲ ವೇದವಾಕ್ಯವೆಂದು ನಾನೆನ್ನಲಾರೆ. ಕಾಳು ಕೊಡುವ ಮನೆಯನ್ನು ಹೊಗಳುವುದು ಅವನ ವೃತ್ತಿಯಲ್ಲೇ ಸೇರಿದೆ. ಅವನ ಮಾತನ್ನು ಪತ್ರಗಳೊಡನೆ ತಾಳೆ ನೋಡಬೇಕು. ಆದರೆ ಅವನ ಅಜ್ಜನಿಗೆ ನಿಮ್ಮ ಅಜ್ಜ ಗೊತ್ತಿದ್ದ. ಸಂಚಿಕೆಯ ಸಂಪಾದಕನ ಅಜ್ಜನಿಗೆ ಯಾವ ಮಹರ್ಷಿಯೂ ಗೊತ್ತಿರಲಿಲ್ಲ.

ಸಮ್ಮೇಳನದ ಮಂಟಪಕ್ಕೂ ಊಟಕ್ಕೂ ಅಷ್ಟು ಹಣ ಸುರಿಯುವ ಯಜಮಾನರು ಮುಂದಿನ ಸಲ ತಮ್ಮ ಮನೆತನದ ಹೆಳವನಿಗೂ ಒಂದು ಓಲೆ ಕಳಿಸಲಿ. ಓದಬಲ್ಲ ಹುಡುಗರಿಬ್ಬರನ್ನು ಅವನ ಪಕ್ಕದಲ್ಲಿ ಕೂರಿಸಿ, ಅವನ ಹೊತ್ತಿಗೆಯಲ್ಲಿದ್ದುದನ್ನು ಕನ್ನಡ ಅಕ್ಷರಗಳಲ್ಲಿಯೇ ಬರೆಸಿಕೊಳ್ಳಲಿ. ಸಂಚಿಕೆಯಲ್ಲಿ ಜಾಗ ಸಾಲದಿದ್ದರೆ, ಮಹರ್ಷಿಯ ಬಣ್ಣದ ಚಿತ್ರಕ್ಕೆಂದು ಇಟ್ಟ ಮೊದಲನೆಯ ಪುಟವಿದ್ದೇ ಇದೆ.