ಪಹಣಿ ಇಲ್ಲದ ಹಾಡುಗಳು

ಗೌಹರ್ ಜಾನ್ 1902ರಲ್ಲಿ ಕಲಕತ್ತೆಯಲ್ಲಿ ಗ್ರಾಮಫೋನ್ ಕಂಪನಿಗೆ ಹಾಡಿದ್ದು ಇವತ್ತು ಯಾರಿಗೆ ಬೇಕಾದರೂ ಸಿಗುತ್ತದೆ. ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡ ಆಕೆಯ ದನಿಯನ್ನು, ಎಲೆಕ್ಟ್ರಾನಿಕ್ ಸಿಟಿಯ ಮೇಲ್ಸೇತುವೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡವರು ಫೋನಿನಲ್ಲಿ ಹುಡುಕಿ ಅರ್ಧ ನಿಮಿಷದಲ್ಲಿ ಕೇಳಬಹುದು. ಕಳೆದ ವಾರ ಬಂದ ಸಿನಿಮಾದ ಹಾಡೂ ಅಷ್ಟೇ ಸಲೀಸು. ಆದರೆ 1980ರ ದಶಕದಲ್ಲಿ ಬೆಂಗಳೂರಿನ ಸಣ್ಣ ಆಡಿಯೋ ಕಂಪನಿಯೊಂದು ತಂದ ಭಾವಗೀತೆಯ ಕ್ಯಾಸೆಟ್ಟನ್ನು ಹೆಸರಿಟ್ಟು ಹುಡುಕಿ ನೋಡಿ. ಅದೇ ಕವಿತೆಯನ್ನು ಈಚಿನವರು ಹಾಡಿದ್ದು ಹತ್ತು ಬಗೆಯಲ್ಲಿ ಸಿಕ್ಕೀತು. ಮೊದಲು ಹಾಡಿದ್ದು ಸಿಕ್ಕರೆ ಅದೃಷ್ಟ. ನೂರು ವರ್ಷ ದಾಟಿದ್ದು ಸಿಗುತ್ತದೆ, ನಿನ್ನೆಯದು ಸಿಗುತ್ತದೆ, ನಡುವಿನ ಮೂವತ್ತು ನಲವತ್ತು ವರ್ಷದ್ದೇ ಕಾಣೆ. ಹಳತಾಯಿತು, ಅದಕ್ಕೇ ಕಳೆದುಹೋಯಿತು ಎನ್ನುವ ಸಮಜಾಯಿಷಿ ಇಲ್ಲಿಗೇ ಬಿದ್ದುಹೋಗುತ್ತದೆ.

ರಾಕ್ ಸಂಗೀತದ ಹುಚ್ಚಿರುವವರಿಗೆ ಇದು ಹೊಸ ಗೋಳಲ್ಲ. ವೈಟ್‌ಫೀಲ್ಡಿನ ಕಚೇರಿಗಳಲ್ಲಿ ಅಂಥವರು ಬೇಕಾದಷ್ಟು ಜನರಿದ್ದಾರೆ. 2007ರಲ್ಲಿ ಅರಮನೆ ಮೈದಾನಕ್ಕೆ ಐರನ್ ಮೇಡನ್ ಬಂದಾಗ ರಜೆ ಹಾಕಿ ಹೋದ ತಲೆಮಾರು ಅದು. ನೀಲ್ ಯಂಗ್ 1973ರಲ್ಲಿ ತಂದ ‘ಟೈಮ್ ಫೇಡ್ಸ್ ಅವೇ’ ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಸಿ.ಡಿ.ಯಾಗಿ ಬರಲೇ ಇಲ್ಲ ಎಂಬುದು ಅವರಿಗೆ ಗೊತ್ತು. ಅಲ್ಲಿ ತಡೆದದ್ದು ಕಲಾವಿದನೇ. ಆ ಕಾಲದ ನೆನಪೇ ತನಗೆ ಬೇಡ ಎಂದು ಆತ ಬಾಯಿಬಿಟ್ಟು ಹೇಳಿದ್ದ. ಅದನ್ನು ಒಪ್ಪಬೇಕು, ಹಾಡಿದವನು ಬೇಡ ಎಂದರೆ ಬೇಡ. ಕನ್ನಡದ ಕ್ಯಾಸೆಟ್ಟುಗಳ ವಿಷಯದಲ್ಲಿ ಹಾಗೆ ಬೇಡ ಎಂದವರು ಎಲ್ಲಿದ್ದಾರೆ? ಇಲ್ಲಿರುವುದು ನಿರಾಕರಣೆಯಲ್ಲ, ಬರಿಯ ಮೌನ. ಈ ಮೌನ ಎಲ್ಲಿಂದ ಬಂತು ಎನ್ನುವುದು ನನ್ನ ಪ್ರಶ್ನೆ.

ಕೇಳುವವರಿಲ್ಲ ಎಂದು ವ್ಯಾಪಾರಿಗಳು ಹೇಳುತ್ತಾರೆ. ನನಗೆ ಇದರಲ್ಲಿ ನಂಬಿಕೆಯಿಲ್ಲ. ರೂಪಾ ಬಿಸ್ವಾಸ್ ಹಾಡಿದ ‘ಡಿಸ್ಕೋ ಜಾಝ್’ ಎಂಬ ಎಲ್.ಪಿ. 1982ರಲ್ಲಿ ಕಲಕತ್ತೆಯಲ್ಲಿ ಬಿಡುಗಡೆಯಾಗಿ ಯಾರ ಗಮನಕ್ಕೂ ಬಾರದೆ ಹೋಯಿತು. ಯಾರೋ ಅದನ್ನು ಯೂಟ್ಯೂಬಿಗೆ ಹಾಕಿದ ಮೇಲೆ ಲಕ್ಷಾಂತರ ಮಂದಿ ಕೇಳಿದರು. 2019ರಲ್ಲಿ ಅಮೆರಿಕದ ನ್ಯೂಮೆರೋ ಗ್ರೂಪ್ ಅದನ್ನು ಮತ್ತೆ ಅಚ್ಚುಹಾಕಿತು. ಅದೇ 1982ರಲ್ಲಿ ಚರಣ್‌ಜಿತ್ ಸಿಂಗ್ ರಾಗಗಳನ್ನು ಡಿಸ್ಕೋ ತಾಳಕ್ಕೆ ಕೂರಿಸಿ ಎಚ್.ಎಂ.ವಿ.ಗೆ ಕೊಟ್ಟ ಪ್ಲೇಟಿನದೂ ಇದೇ ಕತೆ. 2010ರಲ್ಲಿ ಅದಕ್ಕೆ ಮರುಜೀವ ಕೊಟ್ಟವರು ನೆದರ್‌ಲ್ಯಾಂಡ್ಸಿನವರು. ಕೇಳುವ ಅವಕಾಶವಾದ ಮೇಲೆ ಕೇಳುವವರು ಹುಟ್ಟುತ್ತಾರೆ. ಸಿಗದ ಸರಕಿಗೆ ಗಿರಾಕಿ ಇಲ್ಲ ಎನ್ನುವುದು ವಾದವೇ ಅಲ್ಲ.

ಇನ್ನೊಂದು ಮಾತು, ಟೇಪು ಹಾಳಾಗಿದೆ ಎಂಬುದು. ಇದರಲ್ಲಿ ನಿಜವಿದೆ. ಟೇಪಿನ ಮೇಲೆ ಕಾಂತದ ಪುಡಿಯನ್ನು ಹಿಡಿದಿಡುವ ಅಂಟು ಗಾಳಿಯ ತೇವ ಹೀರಿ ಜಿಗುಟಾಗುತ್ತದೆ. ಆಡಿಸಿದರೆ ಹೆಡ್ಡಿಗೆ ಮೆತ್ತಿಕೊಂಡು ಧ್ವನಿಯೇ ಕಿತ್ತುಬರುತ್ತದೆ. ಟೇಪು ದುಬಾರಿಯಾಗಿದ್ದ ಕಾಲದಲ್ಲಿ ಹಳೆಯದನ್ನು ಅಳಿಸಿ ಹೊಸದನ್ನು ಮುದ್ರಿಸುವುದೂ ಇತ್ತು. ಶ್ರೀಮಂತರಿಗೂ ಇದು ತಪ್ಪಿದ್ದಲ್ಲ: 2008ರ ಜೂನ್ 1ರಂದು ಹಾಲಿವುಡ್ಡಿನ ಯೂನಿವರ್ಸಲ್ ಸ್ಟುಡಿಯೋದಲ್ಲಿ ಬಿದ್ದ ಬೆಂಕಿಯಲ್ಲಿ ಎಷ್ಟು ಮೂಲ ಟೇಪುಗಳು ಸುಟ್ಟವೆಂಬ ಬಗ್ಗೆ ಇನ್ನೂ ಜಗಳವಿದೆ. ಆದರೂ ಮಾಸ್ಟರ್ ಹೋದರೆ ಎಲ್ಲ ಹೋಯಿತೆಂದಲ್ಲ. ಮಾರಾಟವಾದ ಸಾವಿರಾರು ಕ್ಯಾಸೆಟ್ಟುಗಳಲ್ಲಿ ಒಂದಾದರೂ ತುಮಕೂರಿನ ಯಾವುದೋ ಅಟ್ಟದ ಮೇಲೆ ಚೆನ್ನಾಗಿ ಉಳಿದಿರುತ್ತದೆ. ಜಿಗುಟಾದ ಟೇಪನ್ನು ಸುಮಾರು 50 ಡಿಗ್ರಿ ಶಾಖದಲ್ಲಿ ಗಂಟೆಗಟ್ಟಲೆ ಒಣಗಿಸಿ ಒಂದೆರಡು ಸಲ ಆಡಿಸುವ ಉಪಾಯ ಸ್ಟುಡಿಯೋಗಳಿಗೆ ಎಂದೋ ಗೊತ್ತಿದೆ. ಇನ್ನು ನಮ್ಮ ಊರಿನ ಹೊರವಲಯಕ್ಕೆ ಬಂದರೆ, ಡೆಕ್ಕಿನ ಸವೆದ ರಬ್ಬರ್ ರೋಲರನ್ನು ಅಳತೆ ಕೊಟ್ಟು ಮಾಡಿಸಿಕೊಳ್ಳಲು ಪೀಣ್ಯದ ಸಣ್ಣ ವರ್ಕ್‌ಷಾಪುಗಳಿವೆ. ಗರಗರ ಸದ್ದು ತೆಗೆಯುವ ಸಾಫ್ಟ್‌ವೇರು ಬಲ್ಲವರು ವೈಟ್‌ಫೀಲ್ಡಿನ ಒಂದೊಂದು ಅಪಾರ್ಟ್‌ಮೆಂಟಿನಲ್ಲೂ ನಾಲ್ಕು ಜನ. ಒಂದು ಗಂಟೆಯ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಲು ಬೇಕಾದದ್ದು ಒಂದು ಗಂಟೆ, ಮೇಲೊಂದಿಷ್ಟು ತಾಳ್ಮೆ. ಹಳೆಯ ಹಾಡನ್ನು ಹೊಸ ರೂಪಕ್ಕೆ ತರುವ ಕೈ, ಯಂತ್ರ, ಕಿವಿ ಮೂರೂ ಇಷ್ಟು ಒತ್ತೊತ್ತಾಗಿರುವ ಜಾಗ ದೇಶದಲ್ಲಿ ಹೆಚ್ಚಿರಲಾರದು. ಆದರೂ ಕೆಲಸ ಆಗುತ್ತಿಲ್ಲ.

ಆಗದಿರುವುದಕ್ಕೆ ಕಾರಣ ಟೇಪಿನಲ್ಲಿಲ್ಲ, ಕಾಗದದಲ್ಲಿದೆ. ವೈಟ್‌ಫೀಲ್ಡಿನಲ್ಲಿ ಗಾಜಿನ ಕಟ್ಟಡಗಳ ನಡುವೆ ಲಂಟಾನ ಬೆಳೆದು ಖಾಲಿ ಬಿದ್ದಿರುವ ಎಕರೆಗಟ್ಟಲೆ ಜಾಗ ಕಂಡರೆ ಹೊಸಬರಿಗೆ ಆಶ್ಚರ್ಯ. ಸ್ಥಳೀಯರನ್ನು ಕೇಳಿದರೆ ಒಂದೇ ಮಾತು: ಪಾಲು ವ್ಯಾಜ್ಯ. ಅಜ್ಜನ ಹೆಸರಿನಲ್ಲಿದ್ದ ಜಮೀನಿಗೆ ಈಗ ಹದಿನೇಳು ಜನ ವಾರಸುದಾರರು. ಹದಿನಾರು ಜನ ಸಹಿ ಹಾಕಿದರೂ ಒಬ್ಬ ಸಿಗದಿದ್ದರೆ ಕ್ರಯ ಆಗುವುದಿಲ್ಲ. ಬೆಲೆ ಇಲ್ಲದ್ದಕ್ಕೆ ಪಾಳು ಬಿದ್ದದ್ದಲ್ಲ, ಹಕ್ಕು ಚೂರಾದದ್ದಕ್ಕೆ. ಹಾಡಿನ ಸ್ಥಿತಿ ಇದಕ್ಕಿಂತ ಕೆಟ್ಟದ್ದು. ಜಮೀನಿಗೆ ಪಹಣಿಯಾದರೂ ಇದೆ. ಭೂಮಿ ಯೋಜನೆ ಬಂದ ಮೇಲೆ ಸರ್ವೆ ನಂಬರು ಹೊಡೆದರೆ ಯಾರ ಹೆಸರಿನಲ್ಲಿದೆ ಎಂದು ಗೊತ್ತಾಗುತ್ತದೆ. ಕೃತಿಸ್ವಾಮ್ಯಕ್ಕೆ ನೋಂದಣಿ ಕಡ್ಡಾಯವಲ್ಲ. ಹಾಡು ಹುಟ್ಟಿದ ಗಳಿಗೆಯಲ್ಲೇ ಹಕ್ಕೂ ಹುಟ್ಟುತ್ತದೆ, ಯಾವ ದಫ್ತರದಲ್ಲೂ ದಾಖಲಾಗದೆ.

ಅದೂ ಒಂದೇ ಹಕ್ಕಲ್ಲ. ಕನ್ನಡ ಭಾವಗೀತೆಯ ಮೊದಲ ಕ್ಯಾಸೆಟ್ ಎಂದು ಹೆಸರಾದ ‘ನಿತ್ಯೋತ್ಸವ’ವನ್ನೇ ತೆಗೆದುಕೊಳ್ಳಿ. ಅದು ಸಿಗುವುದಿಲ್ಲ ಎಂಬ ಅರ್ಥದಲ್ಲಿ ಹೇಳುತ್ತಿಲ್ಲ. ಎಲ್ಲರಿಗೂ ಗೊತ್ತಿರುವುದರಿಂದ ಲೆಕ್ಕ ತೋರಿಸಲು ಅನುಕೂಲ. ಬಂದದ್ದು 1978ರಲ್ಲಿ. ನಮ್ಮ 1957ರ ಕಾಯ್ದೆಯ ಪ್ರಕಾರ ಧ್ವನಿಮುದ್ರಣದ ಹಕ್ಕು 60 ವರ್ಷ. ಹಾಗಾಗಿ ಅದು 2038ರ ಕೊನೆಗೆ ಮುಗಿಯುತ್ತದೆ. ಸಾಹಿತ್ಯ ಮತ್ತು ಸಂಗೀತಕ್ಕೆ ಕರ್ತೃವಿನ ಮರಣದ ನಂತರ 60 ವರ್ಷ. ರಾಗ ಹಾಕಿದ ಮೈಸೂರು ಅನಂತಸ್ವಾಮಿಯವರು ತೀರಿಕೊಂಡದ್ದು 1995ರಲ್ಲಿ, ಆ ಹಕ್ಕು 2055ರವರೆಗೆ. ಕವಿ ನಿಸಾರ್ ಅಹಮದ್ ತೀರಿಕೊಂಡದ್ದು 2020ರಲ್ಲಿ, ಆ ಹಕ್ಕು 2080ರವರೆಗೆ. ಮೂರು ನಿಮಿಷದ ಒಂದು ಹಾಡಿಗೆ ಮೂರು ವಾಯಿದೆ, ಮೂರು ಕಡೆಯ ವಾರಸುದಾರರು. ಕ್ಯಾಸೆಟ್ಟಿನಲ್ಲಿ ಹತ್ತು ಹಾಡು, ಬೇರೆ ಬೇರೆ ಕವಿಗಳದ್ದು ಎಂದುಕೊಳ್ಳಿ. ಬೇಂದ್ರೆಯವರದ್ದು 2041ರವರೆಗೆ, ಕುವೆಂಪು ಅವರದ್ದು 2054ರವರೆಗೆ, ನರಸಿಂಹಸ್ವಾಮಿಯವರದ್ದು 2063ರವರೆಗೆ. ಹಳೆಯ ಕಂಪನಿಯವರು ಇವರೆಲ್ಲರ ಮನೆಬಾಗಿಲಿಗೆ ಹೋಗಿಬರುವ ಖರ್ಚನ್ನು ಆ ಕ್ಯಾಸೆಟ್ ಮೊಬೈಲಿನಲ್ಲಿ ಹುಟ್ಟಿಸುವ ಪೈಸೆಗಳಿಂದ ತುಂಬಿಸಿಕೊಳ್ಳುವುದು ಯಾವ ಜನ್ಮಕ್ಕೂ ಆಗದು. ಅನುಮತಿ ಕೇಳುವ ಖರ್ಚು ಹಾಡಿನ ಬೆಲೆಗಿಂತ ಹೆಚ್ಚಾದ ದಿನವೇ ಅದು ಗೋಡೌನಿಗೆ ಸೇರಿತು.

ಇದಕ್ಕೆ ಪುರಾವೆ ಬೇಕೆಂದರೆ ಯಾವುದು ಸಮೃದ್ಧವಾಗಿ ಸಿಗುತ್ತದೆ ಎಂದು ನೋಡಿ. ದಾಸರ ಪದ, ವಚನ, ಶಿಶುನಾಳ ಶರೀಫರ ತತ್ವಪದ. ಭಕ್ತಿಗೆ ಮಾರುಕಟ್ಟೆ ದೊಡ್ಡದು ಎನ್ನುವುದು ಸರಿ. ಆದರೆ ಪುರಂದರದಾಸರ ಅಂಕಿತಕ್ಕೂ, 1889ರಲ್ಲಿ ತೀರಿಕೊಂಡ ಶರೀಫರ ಪದಕ್ಕೂ ಯಾರ ಸಹಿಯೂ ಬೇಡ ಎನ್ನುವುದು ಕಡಿಮೆ ಅನುಕೂಲವಲ್ಲ. ಬೇರೆ ಲೋಕದಿಂದಲೂ ಒಂದು ಸಾಕ್ಷಿ: ಅಮೆರಿಕದ ಹಿಪ್‌ಹಾಪ್ ತಂಡ ಡಿ ಲಾ ಸೋಲ್‌ನ 1989ರ ಮೊದಲ ಆಲ್ಬಮ್ ಎಷ್ಟು ಜನಪ್ರಿಯವೆಂದರೆ ಅದರ ಹೆಸರು ಎಲ್ಲ ಪಟ್ಟಿಯಲ್ಲೂ ಇರುತ್ತದೆ. ಆದರೂ 2023ರ ಮಾರ್ಚಿನವರೆಗೆ ಸ್ಟ್ರೀಮಿಂಗಿಗೆ ಬರಲಿಲ್ಲ. ಅದರೊಳಗೆ ಹೆಣೆದಿದ್ದ ಹಳೆಯ ಹಾಡುಗಳ ತುಣುಕುಗಳಿಗೆ ಒಬ್ಬೊಬ್ಬರ ಅನುಮತಿ ಬೇಕಿತ್ತು. ಅಷ್ಟೊಂದು ಕೇಳುಗರಿದ್ದರೂ ಕಾಗದದ ಮುಂದೆ ಕೈಕಟ್ಟಿ ನಿಲ್ಲಬೇಕಾಯಿತು.

ಕ್ಯಾಸೆಟ್ ಯುಗ ಇದನ್ನು ಇನ್ನಷ್ಟು ಜಟಿಲ ಮಾಡಿತು. ಪ್ಲೇಟಿನ ಕಾಲದಲ್ಲಿ ಕಂಪನಿಗಳು ಬೆರಳೆಣಿಕೆ, ಎಚ್.ಎಂ.ವಿ. ಹೆಸರು ಸರೆಗಮ ಎಂದಾದರೂ ಕಡತ, ಕಪಾಟು ಮುಂದುವರಿದವು. ಕ್ಯಾಸೆಟ್ ಅಗ್ಗದ ಸರಕು. ಒಂದು ಕೋಣೆ, ಪ್ರತಿ ತೆಗೆಯುವ ಒಂದಷ್ಟು ಯಂತ್ರ, ಬಣ್ಣದ ಇನ್‌ಲೇ ಕಾರ್ಡು ಇದ್ದರೆ ಕಂಪನಿ ಸಿದ್ಧ. ಆ ಅಗ್ಗತನದಿಂದಲೇ ಕನ್ನಡದ ಕವಿತೆ ಊರೂರಿಗೆ ಹೋಯಿತು, ಅದನ್ನು ಮರೆಯಬಾರದು. ಆದರೆ ಎಂಪಿ3 ಬಂದಾಗ ಹೇಳದೆ ಕೇಳದೆ ಮುಚ್ಚಿದವೂ ಇವೇ. ಕರಾರುಪತ್ರ ಇದ್ದದ್ದು ಮಾಲೀಕನ ಕಪಾಟಿನಲ್ಲಿ, ಅದೂ ಇದ್ದರೆ. ಅದರಲ್ಲಿ ಬರೆದಿದ್ದು ‘ಕ್ಯಾಸೆಟ್ಟಿಗಾಗಿ’ ಎಂದಾದರೆ ಅದು ಫೋನಿಗೂ ಸಲ್ಲುತ್ತದೆಯೇ? 2012ರ ತಿದ್ದುಪಡಿ ಹೇಳುವುದೇನೆಂದರೆ, ಹಕ್ಕು ಬರೆದುಕೊಟ್ಟಾಗ ಇಲ್ಲದಿದ್ದ ಮಾಧ್ಯಮವನ್ನು ಪತ್ರದಲ್ಲಿ ಹೆಸರಿಸದಿದ್ದರೆ ಆ ಬರಹ ಅದಕ್ಕೆ ಅನ್ವಯಿಸದು. ಬರೆದವರಿಗೂ ರಾಗ ಹಾಕಿದವರಿಗೂ ಇದು ನ್ಯಾಯವೇ. ಆದರೆ ಹಳೆಯ ಪತ್ರ ಹಿಡಿದು ಕೂತ ಕಂಪನಿಗೆ ಇದರಿಂದ ಇನ್ನೊಂದು ಭಯ ಹುಟ್ಟಿತು: ಹೊರತಂದರೆ ಯಾರು ನೋಟಿಸು ಕಳಿಸುತ್ತಾರೋ! ಸುಮ್ಮನಿದ್ದರೆ ನಷ್ಟವಿಲ್ಲ.

ಈ ನಡುವೆ ಹಾಡು ಎಲ್ಲಿ ಉಳಿದಿದೆ ಎಂದರೆ ಯಾರೋ ಅಭಿಮಾನಿ ಮನೆಯ ಕ್ಯಾಸೆಟ್ಟಿನಿಂದ ಇಳಿಸಿ ಯೂಟ್ಯೂಬಿಗೆ ಹಾಕಿದ ಮಸುಕು ಪ್ರತಿಯಲ್ಲಿ. ಕಾನೂನು ಮುರಿದವನು ಉಳಿಸುತ್ತಿದ್ದಾನೆ, ಪಾಲಿಸುವವನು ಕೈಕಟ್ಟಿ ಕೂತಿದ್ದಾನೆ. ಸ್ಟ್ರೀಮಿಂಗ್ ಸೇವೆಗೆ ನೇರವಾಗಿ ಕೊಡಹೊರಟರೆ ‘ಎಲ್ಲ ಹಕ್ಕು ನನ್ನದೇ’ ಎಂದು ಒಪ್ಪಿಗೆ ಗುರುತು ಹಾಕಬೇಕು. ಪ್ರಾಮಾಣಿಕನ ಬೆರಳು ನಿಲ್ಲುವುದು ಅಲ್ಲೇ. 1996ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ರಾಕ್ ತಂಡ ಥರ್ಮಲ್ ಅಂಡ್ ಎ ಕ್ವಾರ್ಟರ್ ತನ್ನ ಹಾಡನ್ನು ತಾನೇ ಬರೆದು ತಾನೇ ಹೊರತಂದಿತು; ಅಂಥವರಿಗೆ ಸಂಜೆ ಕೂತು ನಿರ್ಧರಿಸಿದರೆ ಸಾಕು. ಅದಕ್ಕೂ ಹಿಂದೆ ದಂಡು ಪ್ರದೇಶದ ಹೋಟೆಲು, ಕ್ಲಬ್ಬುಗಳಲ್ಲಿ ಗಿಟಾರು ನುಡಿಸಿದ ಹೆಚ್ಚಿನವರು ಏನನ್ನೂ ಮುದ್ರಿಸಲೇ ಇಲ್ಲ. ಅವರ ಬಗ್ಗೆ ಈ ಚರ್ಚೆಯೂ ಏಳುವುದಿಲ್ಲ.

ಕಾನೂನಿನಲ್ಲಿ ದಾರಿಯೇ ಇಲ್ಲವೆ? ಇದೆ, ಹೆಸರಿಗೆ. ಹಕ್ಕುದಾರ ಪತ್ತೆಯಾಗದ ಕೃತಿಗೆ ಕಡ್ಡಾಯ ಪರವಾನಗಿ ಕೇಳಬಹುದು ಎನ್ನುತ್ತದೆ ಕಾಯ್ದೆಯ 31ಎ ಕಲಮು. ಆದರೆ ಅದಕ್ಕೆ ಮೊದಲು ದೇಶದ ಬಹುಭಾಗದಲ್ಲಿ ಪ್ರಸಾರವಿರುವ ಇಂಗ್ಲಿಷ್ ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ಆಯಾ ಭಾಷೆಯ ಪತ್ರಿಕೆಯಲ್ಲೂ ಕೊಡಬೇಕಾದದ್ದು ಅನುವಾದಕ್ಕೆ ಅರ್ಜಿ ಹಾಕಿದಾಗ ಮಾತ್ರ. ಕನ್ನಡ ಕ್ಯಾಸೆಟ್ ಕಂಪನಿಯ ಮಾಲೀಕನ ಮಗ ರಾಣೆಬೆನ್ನೂರಿನಲ್ಲಿ ಅಂಗಡಿ ಇಟ್ಟಿದ್ದರೆ ಅವನು ಆ ಇಂಗ್ಲಿಷ್ ಪ್ರಕಟಣೆಯನ್ನು ಓದುತ್ತಾನೆಂದು ಯಾರು ನಂಬಿದರೋ ಕಾಣೆ. ಜೊತೆಗೆ 2021ರಲ್ಲಿ ಬೌದ್ಧಿಕ ಆಸ್ತಿಯ ಮೇಲ್ಮನವಿ ಮಂಡಳಿಯನ್ನು ರದ್ದುಮಾಡಿದ ಮೇಲೆ ಇಂಥ ಅರ್ಜಿ ಹೊತ್ತು ಹೋಗಬೇಕಾದದ್ದು ವಾಣಿಜ್ಯ ನ್ಯಾಯಾಲಯಕ್ಕೆ. ನಲವತ್ತೈದು ನಿಮಿಷದ ಭಾವಗೀತೆಗೆ ವಕೀಲರ ಶುಲ್ಕ ಕೊಡುವ ರಸಿಕ ಇನ್ನೂ ಹುಟ್ಟಬೇಕು. 19ನೇ ಕಲಮಿನಲ್ಲಿ ಇನ್ನೊಂದು ಒಳ್ಳೆಯ ಮೊಳಕೆಯಿದೆ: ಬರೆಸಿಕೊಂಡವನು ಒಂದು ವರ್ಷದೊಳಗೆ ಹಕ್ಕನ್ನು ಬಳಸದಿದ್ದರೆ ಅದು ರದ್ದು. ‘ಪತ್ರದಲ್ಲಿ ಬೇರೆ ರೀತಿ ಹೇಳಿಲ್ಲದಿದ್ದರೆ’ ಎಂಬ ಬಾಲ ಅದಕ್ಕಿದೆ, ಸರಿ. ಅದಕ್ಕಿಂತ ದೊಡ್ಡ ತೂತೆಂದರೆ, ಒಮ್ಮೆ ಹೊರತಂದು ಆಮೇಲೆ ನಲವತ್ತು ವರ್ಷ ಮಲಗಿದವನಿಗೆ ಇದು ತಗಲುವುದೇ ಇಲ್ಲ.

ಯುರೋಪು 2011ರಲ್ಲಿ ಧ್ವನಿಮುದ್ರಣದ ಹಕ್ಕನ್ನು 50ರಿಂದ 70 ವರ್ಷಕ್ಕೆ ಏರಿಸಿದಾಗ ಒಂದು ಷರತ್ತು ಕಟ್ಟಿತು. 50 ವರ್ಷ ದಾಟಿದ ಮೇಲೂ ಕಂಪನಿ ಸಾಕಷ್ಟು ಪ್ರತಿಗಳನ್ನು ಮಾರಾಟಕ್ಕೆ ಇಡದಿದ್ದರೆ, ಹಾಡಿದವರು ನೋಟಿಸು ಕೊಟ್ಟು ಒಂದು ವರ್ಷ ಕಾದು ಕರಾರು ಮುರಿಯಬಹುದು. ಹಕ್ಕು ಬೀದಿಗೆ ಬೀಳುವುದಿಲ್ಲ, ಹಾಡಿದವರ ಕೈಗೆ ಮರಳುತ್ತದೆ. ನನಗೆ ಇದೇ ಸರಿ ಎನಿಸುತ್ತದೆ. ಎಲ್ಲವನ್ನೂ ಸಾರ್ವಜನಿಕ ಮಾಡಿಬಿಡಿ ಎನ್ನುವವರ ಜೊತೆ ನಾನಿಲ್ಲ; ಒಂದು ಸಲ ಪುಡಿಗಾಸು ಪಡೆದು ಸಹಿ ಹಾಕಿದ ಕವಿ, ಗಾಯಕರನ್ನು ಎರಡನೆಯ ಸಲವೂ ಬರಿಗೈಯಲ್ಲಿ ಕಳಿಸಿದಂತಾಗುತ್ತದೆ. ಆದರೆ ಪ್ಲಾಸ್ಟಿಕ್ ಚಿಪ್ಪಿನೊಳಗಿನ ಟೇಪು 50 ವರ್ಷ ಕಾಯಲಾರದು. ನಮಗೆ ಹತ್ತು ವರ್ಷದ ಗಡುವು ಬೇಕು: ಹತ್ತು ವರ್ಷ ಯಾವ ರೂಪದಲ್ಲೂ ಸಿಗದ ಧ್ವನಿಮುದ್ರಣದ ಮೇಲೆ ಹಾಡಿದವರೋ ಅವರ ಮನೆಯವರೋ ಕನ್ನಡ ಪತ್ರಿಕೆಯಲ್ಲಿ ಪ್ರಕಟಣೆ ಕೊಡಲಿ, ಆರು ತಿಂಗಳೊಳಗೆ ಕಂಪನಿ ಹೊರತರಲಿ, ಇಲ್ಲವೇ ಬಿಟ್ಟುಕೊಡಲಿ. ಕವಿ ಮತ್ತು ಸಂಯೋಜಕರ ಪಾಲಿನ ಹಣವನ್ನು ಒಂದು ಕಡೆ ಠೇವಣಿ ಇಡಿಸಿ, ವಾರಸುದಾರರು ಬಂದಾಗ ಕೊಡಲಿ. ಸಹಿಗಾಗಿ ಹಾಡು ಕಾಯುವ ಬದಲು ಹಣ ಕಾಯಲಿ. ಯಾವ ಹಾಡಿಗೆ ಯಾರು ಅರ್ಜಿ ಹಾಕಿದರು, ಯಾರ ಹೆಸರಿಗೆ ಮರಳಿತು ಎಂಬುದನ್ನು ಎಲ್ಲರೂ ತೆರೆದು ನೋಡಬಹುದಾದ ವಹಿಯೊಂದರಲ್ಲಿ ಬರೆದಿಟ್ಟರೆ, ಮುಂದಿನ ಅರ್ಜಿದಾರನಿಗೆ ಅರ್ಧ ಕೆಲಸ ಉಳಿಯುತ್ತದೆ. ಅಂಥ ವಹಿಯನ್ನು ಕಂಪ್ಯೂಟರಿನಲ್ಲಿ ಕಟ್ಟಿಕೊಡಬಲ್ಲವರನ್ನು ಹುಡುಕಿಕೊಂಡು ಸರ್ಕಾರ ಹೊರವರ್ತುಲ ರಸ್ತೆ ದಾಟಿ ಹೆಚ್ಚು ದೂರ ಹೋಗಬೇಕಾಗಿಲ್ಲ.