ಮರಳಿನ ಬೀದಿಗೆ ಗಾಲ್ಫ್ ಬಂಡಿ ಏಕೆ?

ಮೆಕ್ಸಿಕೊದ ಕಿಂತಾನಾ ರೋ ರಾಜ್ಯದ ಒಲ್ಬೋಶ್ ದ್ವೀಪಕ್ಕೆ ಸೇತುವೆಯಿಲ್ಲ. ಪ್ರವಾಸಿಗನು ಚಿಕಿಲಾ ರೇವಿನಲ್ಲಿ ಕಾರು ಬಿಟ್ಟು ದೋಣಿ ಹತ್ತಬೇಕು. ಅರ್ಧ ಗಂಟೆಯೊಳಗೆ ಆಚೆ ದಡ. ಬೀದಿಗಳೆಲ್ಲ ಬರಿಯ ಮರಳು. ದೋಣಿಕಟ್ಟೆಯಿಂದ ಊರ ನಡುವಣ ಚೌಕಕ್ಕೆ ಕಾಲ್ನಡಿಗೆಯಲ್ಲಿ ಕಾಲು ಗಂಟೆಯ ಹಾದಿ. ಇಷ್ಟು ಪುಟ್ಟ ಊರನ್ನು ಸುತ್ತಲು ಗಾಲ್ಫ್ ಬಂಡಿಗಳ ಬಾಡಿಗೆ ವ್ಯಾಪಾರ!

‘ಕಾರಿಲ್ಲದ ದ್ವೀಪ’ವೆಂದು ಹೊಗಳುವವರು, ಈ ಬಂಡಿಗಳಲ್ಲಿ ಅನೇಕವು ಪೆಟ್ರೋಲು ಕುಡಿಯುತ್ತವೆಂಬುದನ್ನು ಮಾತ್ರ ಹೇಳುವುದಿಲ್ಲ. ಮಳೆ ಸುರಿದರೆ ಬೀದಿಯೇ ಕೆರೆ. ಚಕ್ರಗಳು ಕೊರೆದ ಗುಂಡಿಗಳಲ್ಲಿ ನೀರು ಮಡುಗಟ್ಟುತ್ತದೆ. ಪರಿಹಾರವೆಂದು ಕಾಂಕ್ರೀಟು ಸುರಿದರೋ, ಆ ನೀರು ಇಂಗುವ ದಾರಿಯೂ ಮುಚ್ಚಿದಂತೆಯೇ.

ದ್ವೀಪವು 1994ರಲ್ಲಿ ಘೋಷಿತವಾದ ಯುಮ್ ಬಲಾಮ್ ಸಂರಕ್ಷಿತ ಪ್ರದೇಶಕ್ಕೆ ಸೇರಿದೆ. ಕಾಂಡ್ಲಾ ಕಾಡು, ರಾಜಹಂಸ, ಬೇಸಿಗೆಯಲ್ಲಿ ಬರುವ ತಿಮಿಂಗಿಲ ಶಾರ್ಕ್ – ಜನ ಹೋಗುವುದು ಇವುಗಳಿಗಾಗಿ. ವೃದ್ಧರು, ಅಶಕ್ತರು ಬಂಡಿ ಏರಲಿ, ನಮ್ಮ ತಕರಾರಿಲ್ಲ. ಉಳಿದವರಿಗೆ ಸೈಕಲ್ಲು ಬಾಡಿಗೆಗೆ ಸಿಗುತ್ತದೆ. ಕಾಲುಗಳಂತೂ ಬಾಡಿಗೆಯಿಲ್ಲದೆಯೇ ಇವೆ. ಗಟ್ಟಿಮುಟ್ಟಾದ ಪ್ರವಾಸಿಗನು ದಿನವಿಡೀ ಬಂಡಿ ಹಿಡಿಯುವುದಾದರೆ, ಚಿಕಿಲಾದಲ್ಲಿ ಕಾರು ಬಿಟ್ಟು ಬಂದದ್ದಾದರೂ ಏತಕ್ಕೆ?